ಕಡಲ್ಗಳ್ಳನೂ ಕಾಗದದ ಮುದ್ರೆಯೂ

ಕೃಷ್ಣೆಯ ದಂಡೆಯಲ್ಲಿ ಬಾಳುವ ನಮಗೆ ಕಡಲು ದೂರದ ಮಾತು. ನಮ್ಮ ಪೇಟೆಗಳ ಸರಕಿಗೆ ಮಾತ್ರ ಅದು ಎಂದೂ ದೂರವಾಗಿರಲಿಲ್ಲ. 17ನೆಯ ಶತಮಾನದ ಜರ್ಮನ್ ಪ್ರವಾಸಿ ಮ್ಯಾಂಡೆಲ್‌ಸ್ಲೋನ ಗ್ರಂಥವು ಅಥಣಿಯನ್ನು ವಿಜಾಪುರ ಗೋವೆಗಳ ನಡುವಿನ ಮುಖ್ಯ ಪೇಟೆಯೆಂದು ಬಣ್ಣಿಸುತ್ತದೆ. ಅದೇ ಶತಮಾನದಲ್ಲಿ ಕೊಂಕಣದ ರಾಜಾಪುರದಲ್ಲಿದ್ದ ಇಂಗ್ಲಿಷ್ ವರ್ತಕರು ರಾಯಬಾಗದ ಮೆಣಸಿನ ಪೇಟೆಯ ಮೇಲೆ ಕಣ್ಣಿಟ್ಟಿದ್ದರು.

ಘಟ್ಟವಿಳಿದು ಹಡಗೇರಿದ ಸರಕಿಗೆ ಅಂದು ಇಬ್ಬರ ಭಯವಿತ್ತು: ಒಬ್ಬ ಕಡಲ್ಗಳ್ಳ, ಇನ್ನೊಬ್ಬ ರಹದಾರಿ ಕೇಳುವ ಅಧಿಕಾರಿ. ಪೋರ್ಚುಗೀಸರು ‘ಕರ್ತಾಜ್’ ಎಂಬ ರಹದಾರಿಯನ್ನು ಹಣ ಪಡೆದು ಕೊಡುತ್ತಿದ್ದರು. ಅದಿಲ್ಲದ ಹಡಗನ್ನು ಸೆರೆಹಿಡಿಯುತ್ತಿದ್ದರು. ವಿಜಾಪುರದ ಆದಿಲಶಾಹಿ ಅರಸರ ಹಡಗುಗಳಿಗೂ ಆ ಕಾಗದ ಬೇಕಾಗಿತ್ತು. ಸರಕು ಕಳೆದುಕೊಂಡ ವರ್ತಕನಿಗೆ ಈ ಇಬ್ಬರಲ್ಲಿ ಭೇದವೆಲ್ಲಿ ಉಳಿಯಿತು?

ಆ ಕಾಲ ಕಳೆಯಿತೆನ್ನುವಂತಿಲ್ಲ. 1999ರ ಅಕ್ಟೋಬರ 22ರಂದು ‘ಅಲಾಂಡ್ರಾ ರೇನ್‌ಬೋ’ ಎಂಬ ಜಪಾನೀ ಒಡೆತನದ ಹಡಗು ಸುಮಾರು 7,000 ಟನ್ ಅಲ್ಯೂಮಿನಿಯಂ ಹೊತ್ತು ಸುಮಾತ್ರಾದಿಂದ ಹೊರಟಿತು. ಕಡಲ್ಗಳ್ಳರು ಅದನ್ನು ವಶಪಡಿಸಿಕೊಂಡು, ಹದಿನೇಳು ನಾವಿಕರನ್ನು ತೆಪ್ಪವೊಂದರಲ್ಲಿ ನಡುಗಡಲಿಗೆ ತಳ್ಳಿದರು. ಥಾಯ್ಲೆಂಡಿನ ಮೀನುಗಾರರು ಕಂಡದ್ದರಿಂದ ಅವರ ಜೀವ ಉಳಿಯಿತು. ಅಷ್ಟರಲ್ಲಿ ಹಡಗಿಗೆ ‘ಮೆಗಾ ರಾಮಾ’ ಎಂಬ ಹೊಸ ಹೆಸರು ಬಂದಿತ್ತು. ಸರಕಿನ ಒಂದು ಭಾಗ ಫಿಲಿಪೈನ್ಸಿನಲ್ಲಿ ಇಳಿದಿತ್ತು. ನವೆಂಬರ 16ರಂದು ನಮ್ಮ ಕರಾವಳಿ ರಕ್ಷಣಾ ಪಡೆಯೂ ನೌಕಾಪಡೆಯೂ ಬೆನ್ನಟ್ಟಿ, ಅರಬ್ಬೀ ಸಮುದ್ರದಲ್ಲಿ ಹಡಗನ್ನೂ ಹದಿನೈದು ಜನರನ್ನೂ ಹಿಡಿದವು.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಸಾವಿರಾರು ಟನ್ ಲೋಹವನ್ನು ಕಳ್ಳನು ಜೇಬಿನಲ್ಲಿ ಬಚ್ಚಿಡಲಾರ. ಅದಕ್ಕೆ ದಕ್ಕೆ ಬೇಕು, ಕೊಳ್ಳುವವನು ಬೇಕು, ಎಲ್ಲಕ್ಕಿಂತ ಮೊದಲು ಮುದ್ರೆ ಬಿದ್ದ ಕಾಗದ ಬೇಕು. ಇವೆಲ್ಲ ನೆಲದ ಮೇಲಿನ ವಸ್ತುಗಳು. ದರೋಡೆ ನಡೆಯುವುದು ಕಡಲಿನಲ್ಲಿ. ಅದು ಲಾಭವಾಗುವುದು ಬಂದರಿನಲ್ಲಿ.

ಅಧಿಕಾರದ ವೇಷವೇ ಆಯುಧವಾದುದೂ ಉಂಟು. 1998ರ ನವೆಂಬರಿನಲ್ಲಿ ದಕ್ಷಿಣ ಚೀನಾದ ಕಡಲಲ್ಲಿ ಸುಂಕದ ಅಧಿಕಾರಿಗಳಂತೆ ಉಡುಪು ತೊಟ್ಟವರು ‘ಚಿಯಂಗ್ ಸನ್’ ಹಡಗನ್ನು ಏರಿ, ಇಪ್ಪತ್ಮೂರು ನಾವಿಕರನ್ನು ಕೊಂದು ಕಡಲಿಗೆ ಎಸೆದರು. ಸಮವಸ್ತ್ರಕ್ಕೆ ತಲೆಬಾಗುವುದು ನಾವಿಕನ ಶಿಸ್ತು. ಆ ಶಿಸ್ತೇ ಇಲ್ಲಿ ಅವನ ಮೃತ್ಯುವಾಯಿತು. ತಪ್ಪಿತಸ್ಥರಲ್ಲಿ ಹದಿಮೂರು ಜನರ ಮರಣದಂಡನೆಯನ್ನು ಚೀನಾ 2000ದ ಜನವರಿಯಲ್ಲಿ ಜಾರಿಗೊಳಿಸಿತು.

ಇಷ್ಟು ಘೋರವಲ್ಲದ, ಆದರೆ ದಿನನಿತ್ಯದ ಸುಲಿಗೆಯೂ ಉಂಟು. ಎಷ್ಟೋ ಬಂದರುಗಳಲ್ಲಿ ತಪಾಸಣೆಗೆಂದು ಹಡಗೇರಿದವರ ಕೈಗೆ ಸಿಗರೇಟಿನ ಪೆಟ್ಟಿಗೆ ಸೇರದಿದ್ದರೆ ಕಾಗದದಲ್ಲಿ ದೋಷ ಕಾಣುತ್ತದೆ, ಹಡಗು ನಿಲ್ಲುತ್ತದೆ. ತಂಬಾಕಿನ ಮೇಲೆ ಸುಂಕವಿರುವುದನ್ನು ನಿಪ್ಪಾಣಿಯವರು ಬಲ್ಲರು. ತಂಬಾಕೇ ಸುಂಕವಾಗುವ ವಿಚಿತ್ರವನ್ನು ನಾವಿಕರು ಬಲ್ಲರು. ಇಂತಹ ಲಂಚವನ್ನು ತಡೆಯಲೆಂದು ಹಡಗು ಕಂಪನಿಗಳು 2011ರಲ್ಲಿ ತಮ್ಮದೇ ಒಂದು ಕೂಟವನ್ನು ಕಟ್ಟಿಕೊಳ್ಳಬೇಕಾಯಿತು.

ಅಲಾಂಡ್ರಾ ಪ್ರಕರಣದ ಆರೋಪಿಗಳಿಗೆ ಮುಂಬಯಿಯ ನ್ಯಾಯಾಲಯ 2003ರಲ್ಲಿ ಏಳು ವರ್ಷಗಳ ಶಿಕ್ಷೆ ಕೊಟ್ಟಿತು. 2005ರಲ್ಲಿ ಉಚ್ಚ ನ್ಯಾಯಾಲಯದಲ್ಲಿ ಅವರು ಬಿಡುಗಡೆ ಹೊಂದಿದರು. ಕಡಲ್ಗಳ್ಳತನಕ್ಕೆಂದೇ ಪ್ರತ್ಯೇಕ ಕಾಯದೆ ಆಗ ನಮ್ಮಲ್ಲಿರಲಿಲ್ಲ. ಸಂಸತ್ತು ಅದನ್ನು ಅಂಗೀಕರಿಸಿದ್ದು 2022ರಲ್ಲಿ.

ಕಾಯದೆ ಬಂದುದು ಒಳ್ಳೆಯದೇ. ಆದರೆ ಅದು ಹಿಡಿಯುವುದು ಹಡಗೇರಿದವನನ್ನು. ಕದ್ದ ಸರಕಿಗೆ ಮುದ್ರೆಯೊತ್ತಿ ಕುರ್ಚಿಯಲ್ಲೇ ಕುಳಿತವನನ್ನು ಹಿಡಿಯಲು ಗಸ್ತಿನ ನೌಕೆ ಸಾಲದು. ಚಿಕ್ಕೋಡಿಯ ರೈತನಾಗಲಿ ಕಾಗವಾಡದ ವ್ಯಾಪಾರಿಯಾಗಲಿ ಇದನ್ನು ತಿಳಿಯಲು ಕಡಲನ್ನು ಕಾಣಬೇಕಾಗಿಲ್ಲ. ಯಾವುದೇ ಕಚೇರಿಯ ಮೆಟ್ಟಿಲು ಹತ್ತಿದವನಿಗೆ ಇದು ಅರ್ಥವಾಗುವ ಮಾತು.