ಚಿಲ್ಲರೆಗೆ ಇನ್ನೆಷ್ಟು ಆಯುಷ್ಯ?

ಪಟ್ಟದಕಲ್ಲಿನ ದೇವಾಲಯಗಳನ್ನು ನೋಡಬಯಸುವ ಭಾರತೀಯ ಪ್ರವಾಸಿಗೆ ಪುರಾತತ್ವ ಇಲಾಖೆಯು 2018ರಲ್ಲಿ ಎರಡು ದರಗಳನ್ನು ಗೊತ್ತುಮಾಡಿತು. ಹಣವನ್ನು ಕೈಯಾರೆ ಎಣಿಸಿ ಕೊಟ್ಟರೆ 40 ರೂಪಾಯಿ; ನಗದಿಲ್ಲದ ಮಾರ್ಗದಿಂದ ಸಲ್ಲಿಸಿದರೆ 35 ರೂಪಾಯಿ. ನಡುವಣ ಅಂತರ ಐದು ರೂಪಾಯಿ, ಅಂದರೆ ಸರಿಯಾಗಿ ಒಂದು ನಾಣ್ಯ. ನಾಣ್ಯವನ್ನು ಟಂಕಿಸಿ ಊರೂರಿಗೆ ಕಳುಹಿಸುವ ಸರಕಾರವೇ, ಆ ನಾಣ್ಯವನ್ನು ಜೇಬಿನಿಂದ ತೆಗೆಯದವನಿಗೆ ಬಹುಮಾನ ಕೊಡುತ್ತದೆ! ಇದು ಅನ್ಯಾಯವೇನೂ ಅಲ್ಲ. ಹಣ ಎಣಿಸುವ, ಕಾಯುವ, ಬ್ಯಾಂಕಿಗೆ ಹೊರುವ ಶ್ರಮ ಉಳಿಯುತ್ತದೆಂಬುದು ನಿಜ. ಆದರೆ ಮಲಪ್ರಭೆಯ ದಂಡೆಯ ಈ ಊರಿನಲ್ಲಿ ನಿಂತವರಿಗೆ ಒಂದು ಪ್ರಶ್ನೆ ತಾನಾಗಿಯೇ ಏಳುತ್ತದೆ: ಚಿಲ್ಲರೆ ಕಾಸಿನ ಕಾಲ ಮುಗಿಯಿತೆ?

ಹಾಗ, ವೀಸಗಳ ನಾಡು

ಈ ಪ್ರಶ್ನೆಯನ್ನು ಕೇಳಲು ಇದಕ್ಕಿಂತ ತಕ್ಕ ಸ್ಥಳ ದೊರೆಯುವುದು ಕಷ್ಟ. ಬಾದಾಮಿಯ ಗುಹೆಗಳಲ್ಲಿ ಭೂದೇವಿಯನ್ನು ಎತ್ತಿ ನಿಂತಿರುವ ವರಾಹಮೂರ್ತಿಯನ್ನು ಕಾಣದವರಿಲ್ಲ. ವರಾಹವು ಚಾಲುಕ್ಯರ ಲಾಂಛನ. ಮುಂದೆ ಶತಮಾನಗಳ ಕಾಲ ದಕ್ಷಿಣದಲ್ಲಿ ಚಲಾವಣೆಯಲ್ಲಿದ್ದ ಹೊನ್ನಿನ ನಾಣ್ಯಕ್ಕೆ ‘ವರಾಹ’ವೆಂಬ ಹೆಸರು ಉಳಿದುಬಂದುದು ಈ ಮುದ್ರೆಯಿಂದ. ಪಟ್ಟದಕಲ್ಲಿಗೆ ಸಮೀಪದಲ್ಲೇ ಇರುವ ಐಹೊಳೆಯು ‘ಅಯ್ಯಾವೊಳೆ ಐನೂರ್ವರು’ ಎಂಬ ಪ್ರಸಿದ್ಧ ವರ್ತಕ ಸಂಘದ ತವರು.

ಆದರೆ ಹೊನ್ನಿನ ನಾಣ್ಯದಿಂದ ಸಂತೆ ಸಾಗುವುದಿಲ್ಲ. ಸೊಪ್ಪು ಕೊಳ್ಳಲು ಗದ್ಯಾಣವನ್ನು ಬಿಚ್ಚುವವರುಂಟೆ? ಆದುದರಿಂದಲೇ ಪಣ, ಪಣದ ಕಾಲುಭಾಗವಾದ ಹಾಗ, ಹದಿನಾರನೆಯ ಒಂದು ಭಾಗವಾದ ವೀಸ ಮುಂತಾದ ಚಿಕ್ಕ ಲೆಕ್ಕಗಳು ಹುಟ್ಟಿದುವು. ವರ್ತಕರು ತಮ್ಮ ಸರಕಿನ ಮೇಲೆ ಇಂಥ ಚಿಕ್ಕ ಲೆಕ್ಕದಲ್ಲಿಯೇ ದೇವಾಲಯಗಳಿಗೆ ದತ್ತಿ ಬಿಟ್ಟ ಶಾಸನಗಳು ಕನ್ನಡ ನಾಡಿನಲ್ಲಿ ಅನೇಕ. ಇಂದಿಗೂ ಕನ್ನಡಿಗನು ಸಂಪತ್ತನ್ನು ‘ಹಣ’ವೆನ್ನುತ್ತಾನೆ, ‘ಕಾಸು’ ಎನ್ನುತ್ತಾನೆ, ‘ದುಡ್ಡು’ ಎನ್ನುತ್ತಾನೆ. ಮೂರೂ ಒಂದು ಕಾಲದ ಸಣ್ಣ ನಾಣ್ಯಗಳ ಹೆಸರುಗಳೇ! ದೊಡ್ಡ ವರಾಹವು ವಸ್ತುಸಂಗ್ರಹಾಲಯ ಸೇರಿತು. ಸಣ್ಣ ನಾಣ್ಯಗಳು ನಾಲಗೆಯ ಮೇಲೆ ಉಳಿದುವು.

ನಾಣ್ಯ ಸಾಯುವ ಬಗೆ

1957ರ ಏಪ್ರಿಲ್ 1ರಂದು ದಶಮಾಂಶ ಪದ್ಧತಿ ಜಾರಿಗೆ ಬಂದಾಗ ಹದಿನಾರಾಣೆಯ ರೂಪಾಯಿ ನೂರು ನಯಾ ಪೈಸೆಗಳ ರೂಪಾಯಿಯಾಯಿತು. ಒಂದಾಣೆಗೆ ಆರೂಕಾಲು ನಯಾ ಪೈಸೆ. ಈ ಕಾಲು ಪೈಸೆ ಅಂಗಡಿಯವನದೋ ಗಿರಾಕಿಯದೋ ಎಂಬ ಜಗಳ ಅಂದು ಬೀದಿಬೀದಿಯಲ್ಲಿ ನಡೆಯಿತು. 1964ರಲ್ಲಿ ‘ನಯಾ’ ಎಂಬ ವಿಶೇಷಣ ಬಿದ್ದುಹೋಯಿತು. ಅನಂತರ ಒಂದು, ಎರಡು, ಮೂರು ಪೈಸೆಗಳು ಒಂದೊಂದಾಗಿ ಮರೆಯಾದುವು. 2011ರ ಜೂನ್ 30ರಂದು 25 ಪೈಸೆ ಹಾಗೂ ಅದಕ್ಕಿಂತ ಕಡಿಮೆ ಬೆಲೆಯ ಎಲ್ಲ ನಾಣ್ಯಗಳ ಚಲಾವಣೆಯನ್ನು ಸರಕಾರ ರದ್ದುಮಾಡಿತು. ನಾಲ್ಕಾಣೆ ಹೋಯಿತು, ‘ಹದಿನಾರಾಣೆ ಸತ್ಯ’ವೆಂಬ ಮಾತು ಮಾತ್ರ ನಿಂತಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ನಾಣ್ಯವು ಮೊದಲು ಸಾಯುವುದು ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ. ಮರಣಪತ್ರ ದಿಲ್ಲಿಯಿಂದ ಬರುವುದು ಆಮೇಲೆ. ಎಂಟಾಣೆಯ ಗತಿಯನ್ನೇ ನೋಡಬಹುದು. 50 ಪೈಸೆಯ ನಾಣ್ಯ ಕಾನೂನಿನ ಪ್ರಕಾರ ಇಂದಿಗೂ ಸಾಧು. 2011ರ ನಾಣ್ಯ ಕಾಯಿದೆಯಂತೆ ಅದನ್ನು ಹತ್ತು ರೂಪಾಯಿಯ ಮೊತ್ತದವರೆಗೂ, ರೂಪಾಯಿ ಮತ್ತು ಅದಕ್ಕಿಂತ ಮೇಲಿನ ನಾಣ್ಯಗಳನ್ನು ಒಂದು ಸಾವಿರ ರೂಪಾಯಿಯವರೆಗೂ ಸಾಲ ತೀರಿಸಲು ಕೊಡಬಹುದು. ಆದರೂ ಎಂಟಾಣೆಯನ್ನು ಚಾಚಿದ ಕೈಗೆ ಸಿಕ್ಕುವುದು ನಗೆಯೇ ಹೊರತು ಸರಕಲ್ಲ. ಹತ್ತು ರೂಪಾಯಿಯ ನಾಣ್ಯವೂ ಇಂಥದೇ ಅಪವಾದಕ್ಕೆ ಗುರಿಯಾಯಿತು. ಬಗೆಬಗೆಯ ಮುದ್ರೆಗಳನ್ನು ಕಂಡು ಜನ ಅದನ್ನು ಖೋಟಾ ಎಂದು ಭಾವಿಸಿದರು. ಹದಿನಾಲ್ಕು ವಿನ್ಯಾಸಗಳೂ ಸಾಚಾ ಎಂದು ರಿಸರ್ವ್ ಬ್ಯಾಂಕು 2018ರ ಜನವರಿಯಲ್ಲಿ ಸಾರಬೇಕಾಯಿತು. ಕಾನೂನು ಬೆಲೆಯನ್ನು ಕೊಡಬಲ್ಲುದು. ಮಾನವನ್ನು ಕೊಡುವವರು ಜನ.

ಫೋನು ಬಂತು, ನೋಟು ಹೋಗಲಿಲ್ಲ

2016ರ ನವೆಂಬರ್ 8ರ ರಾತ್ರಿ 500, 1000 ರೂಪಾಯಿಗಳ ನೋಟುಗಳು ರದ್ದಾದುವು. ಅದೇ ವರ್ಷ ಆರಂಭವಾಗಿದ್ದ ಯುಪಿಐ ವ್ಯವಸ್ಥೆಯು ಮೆಲ್ಲಮೆಲ್ಲನೆ ಪಾನಿನ ಅಂಗಡಿಯನ್ನೂ ಹೊಕ್ಕಿತು. 2025ರ ಆಗಸ್ಟ್ ತಿಂಗಳೊಂದರಲ್ಲೇ ದೇಶದಲ್ಲಿ ಎರಡು ಸಾವಿರ ಕೋಟಿಗೂ ಹೆಚ್ಚು ಬಾರಿ ಈ ಮಾರ್ಗದಿಂದ ಹಣ ಕೈಬದಲಾಯಿತು. ಇದನ್ನು ಕಂಡು ನಗದಿನ ಯುಗ ಮುಗಿಯಿತೆಂದುಕೊಂಡರೆ ತಪ್ಪಾದೀತು. 2016ರ ಮಾರ್ಚ್ ಕೊನೆಯಲ್ಲಿ ಚಲಾವಣೆಯಲ್ಲಿದ್ದ ನೋಟುಗಳ ಮೌಲ್ಯ ಸುಮಾರು 16.4 ಲಕ್ಷ ಕೋಟಿ ರೂಪಾಯಿ. 2025ರ ಮಾರ್ಚ್ ಕೊನೆಗೆ ಅದು 36 ಲಕ್ಷ ಕೋಟಿಯನ್ನು ಮೀರಿತ್ತು. ಇದರಲ್ಲಿ ನೂರಕ್ಕೆ 86 ಪಾಲು 500 ರೂಪಾಯಿಯ ನೋಟು. ನಾಣ್ಯಗಳ ಮೌಲ್ಯವಾದರೋ ನೋಟುಗಳ ಮೌಲ್ಯದಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಮಾತ್ರ.

ಈ ಅಂಕಿಗಳು ಒಗಟನ್ನೂ ಬಿಡಿಸುತ್ತವೆ. ನಗದು ಕಡಿಮೆಯಾಗಿಲ್ಲ, ಅದರ ಕೆಲಸ ಬದಲಾಗಿದೆ. ದೊಡ್ಡ ನೋಟು ಕಪಾಟಿನಲ್ಲಿ ಕುಳಿತು ಆಪತ್ಕಾಲವನ್ನು ಕಾಯುತ್ತದೆ. ಸಣ್ಣ ವ್ಯವಹಾರ ಫೋನಿಗೆ ವರ್ಗವಾಗುತ್ತದೆ. ನಡುವೆ ಬಡವಾಗುವುದು ಚಿಲ್ಲರೆ. ಯಂತ್ರದಿಂದ ಉದುರುವುದು ಐನೂರರ ನೋಟು, ಕೊಳ್ಳಬೇಕಾದುದು ಹದಿನೈದು ರೂಪಾಯಿಯ ಸೊಪ್ಪು! ಈ ತೊಡಕನ್ನು ಅರಿತೇ ರಿಸರ್ವ್ ಬ್ಯಾಂಕು 2025ರ ಏಪ್ರಿಲ್‌ನಲ್ಲಿ, ನೂರು ಅಥವಾ ಇನ್ನೂರರ ನೋಟುಗಳನ್ನು ನೀಡುವ ಎಟಿಎಂಗಳ ಪ್ರಮಾಣವನ್ನು 2026ರ ಮಾರ್ಚ್ 31ರೊಳಗೆ ನೂರಕ್ಕೆ 90ಕ್ಕೆ ಏರಿಸುವಂತೆ ಬ್ಯಾಂಕುಗಳಿಗೆ ಸೂಚಿಸಿತು.

ರೊಟ್ಟಿಯ ಬುಟ್ಟಿ

ಬಾದಾಮಿಗೆ ಹತ್ತಿರದ ಬನಶಂಕರಿಯಲ್ಲಿ ಗುಡಿಯ ಮುಂದೆ ಬುಟ್ಟಿಯಿಟ್ಟುಕೊಂಡು ಜೋಳದ ರೊಟ್ಟಿ, ಪಲ್ಯ, ಚಟ್ನಿ, ಕುಡಿಕೆಯ ಮೊಸರು ಮಾರುವ ಹೆಂಗಸರನ್ನು ಯಾತ್ರಿಕರೆಲ್ಲರೂ ಬಲ್ಲರು. ಬನದ ಹುಣ್ಣಿಮೆಯ ಜಾತ್ರೆಯಲ್ಲಂತೂ ನಾಟಕ ಕಂಪನಿಗಳ ಡೇರೆಗಳಿಂದ ಹಿಡಿದು ಬಳೆಯ ಅಂಗಡಿಗಳವರೆಗೆ ಸಾಲುಸಾಲು. ‘ಚಿಲ್ರಿ ಕೊಡ್ರಿ ಯಪ್ಪಾ’ ಎಂಬ ಕೂಗು ಅಲ್ಲಿಯ ಹಿಮ್ಮೇಳ.

ರೊಟ್ಟಿಯ ಬುಟ್ಟಿ ಹೊತ್ತವಳಿಗೆ ಫೋನಿನಿಂದ ಬರುವ ಲಾಭ ಸಣ್ಣದಲ್ಲ. ಚಿಲ್ಲರೆಯಿಲ್ಲವೆಂದು ಗಿರಾಕಿ ಹಿಂದಿರುಗುವುದಿಲ್ಲ. ಹರಿದ ನೋಟಿನ ಭಯವಿಲ್ಲ. ಸಂಜೆಯ ಗಂಟನ್ನು ಕಸಿಯುವವರಿಲ್ಲ. ಆದರೆ ಇನ್ನೊಂದು ಮುಖವೂ ಉಂಟು. ಅನೇಕ ಕಡೆ ಅಂಟಿಸಿದ ಚೌಕಾಕಾರದ ಗುರುತು ಮಗನದೋ ಅಳಿಯನದೋ ಖಾತೆಗೆ ಸೇರಿದುದಾಗಿರುತ್ತದೆ. ದುಡಿದವಳ ಸೆರಗಿನ ಗಂಟಿಗೆ ಬೀಳಬೇಕಾದ ರೊಕ್ಕ, ಆಕೆ ಓದಲಾರದ ಪರದೆಯ ಮೇಲೆ ಮಿಂಚಿ ಮಾಯವಾಗುತ್ತದೆ. ಸೆರಗಿನ ಗಂಟು ಅವಳ ಬ್ಯಾಂಕು ಮಾತ್ರವಲ್ಲ, ಅವಳ ಸ್ವಾತಂತ್ರ್ಯವೂ ಹೌದು. ನಗದಿನ ಪರವಾಗಿ ಹೇಳಬಹುದಾದ ಮಾತುಗಳಲ್ಲಿ ಇದಕ್ಕಿಂತ ತೂಕದ ಮಾತು ಇಲ್ಲ.

ವ್ಯಾಪಾರಿಗಳ ಅಂಜಿಕೆ ಬೇರೆ ಬಗೆಯದು. 2025ರ ಜುಲೈಯಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಜಮೆಗಳ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿದಾಗ, ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಗುರುತಿನ ಚೀಟಿಗಳು ಕೆಳಗಿಳಿದು ‘ನಗದು ಮಾತ್ರ’ ಎಂಬ ಫಲಕಗಳು ಮೇಲೇರಿದುವು. ಹಳೆಯ ಬಾಕಿಯ ಬಗ್ಗೆ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಭರವಸೆ ಕೊಟ್ಟ ಮೇಲೆ ಗದ್ದಲ ತಣ್ಣಗಾಯಿತು. ಲೆಕ್ಕ ತಪ್ಪಿಸುವುದು ಸರಿಯಲ್ಲ, ನಿಜ. ಆದರೆ ಹಾಲು, ತರಕಾರಿ ಮಾರುವವನ ಜಮೆಯೆಲ್ಲ ತೆರಿಗೆಗೆ ಒಳಪಟ್ಟ ವ್ಯಾಪಾರವಲ್ಲವೆಂಬುದೂ ಅಷ್ಟೇ ನಿಜ.

ಹೊರಗಿನ ಪಾಠ

ಪರದೇಶಗಳು ಇದೇ ಹಾದಿಯನ್ನು ತುಳಿದಿವೆ. ಕೆನಡಾ ತನ್ನ ಒಂದು ಸೆಂಟಿನ ನಾಣ್ಯದ ವಿತರಣೆಯನ್ನು 2013ರಲ್ಲಿ ನಿಲ್ಲಿಸಿತು. ಅಮೆರಿಕವು 2025ರ ನವೆಂಬರ್‌ನಲ್ಲಿ ಚಲಾವಣೆಯ ಪೆನ್ನಿಯನ್ನು ಕೊನೆಯ ಬಾರಿಗೆ ಟಂಕಿಸಿತು. ಒಂದು ಸೆಂಟಿನ ಆ ನಾಣ್ಯಕ್ಕೆ ತಗಲುತ್ತಿದ್ದ ಖರ್ಚು ಮೂರೂವರೆ ಸೆಂಟಿಗೂ ಮಿಗಿಲು. ಆದರೆ ನಗದನ್ನು ಬಹುಪಾಲು ಮರೆತಿದ್ದ ನಾರ್ವೆ ಮಾತ್ರ, ಅಂಗಡಿಗಳಲ್ಲಿ ನಗದು ಕೊಡುವ ಗಿರಾಕಿಯ ಹಕ್ಕನ್ನು 2024ರ ಅಕ್ಟೋಬರ್‌ನಿಂದ ಕಾನೂನಿನಲ್ಲಿ ಬಿಗಿಗೊಳಿಸಿತು. ತಂತಿ ಕಡಿದ ದಿನ ಕೈಯಲ್ಲಿರುವುದೇ ಹಣವೆಂಬ ಅರಿವು ಅವರಿಗೆ ಆಯಿತು.

ಪಟ್ಟದಕಲ್ಲಿಗೆ ಈ ಪಾಠವನ್ನು ನಾರ್ವೆಯಿಂದ ಕಲಿಯಬೇಕಾಗಿಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಊರನ್ನೂ ದೇವಾಲಯಗಳ ಅಂಗಳವನ್ನೂ ಹೊಕ್ಕಿತು. ಅಂಥ ದಿನ ವಿದ್ಯುತ್ತು ನಿಂತು ಫೋನು ಮೌನವಾದರೆ, ಮಗುವಿಗೆ ಹಾಲು ತರಲು ಬೇಕಾಗುವುದು ಡಬ್ಬಿಯಲ್ಲಿಟ್ಟ ನೋಟು, ನಾಣ್ಯ.

ಹೀಗಿರುವಾಗ ಎಂಟಾಣೆ ಉಳಿಯಬೇಕೆಂದು ಹಟ ಹಿಡಿಯುವುದು ವ್ಯರ್ಥ. ಅದರಿಂದ ಕೊಳ್ಳುವ ವಸ್ತುವೇ ಉಳಿದಿಲ್ಲ. ಆದರೆ ರೂಪಾಯಿ, ಎರಡು, ಐದು, ಹತ್ತು, ಇಪ್ಪತ್ತರ ನಾಣ್ಯಗಳಿಗೆ ಕೆಲಸವಿನ್ನೂ ಇದೆ. ಚಿಲ್ಲರೆಯ ಬದಲು ಚಾಕೊಲೇಟನ್ನು ಕೈಗಿಡುವ ಅಂಗಡಿಯಲ್ಲಿ ದಿನಕ್ಕೆ ಒಂದೆರಡು ರೂಪಾಯಿ ಬಿಟ್ಟುಕೊಡುವುದು ಸಂಬಳದವನಿಗೆ ಲೆಕ್ಕವಲ್ಲ, ಕೂಲಿಯವನಿಗೆ ಲೆಕ್ಕ. ನಾಣ್ಯಗಳನ್ನು ತೆಗೆದುಕೊಳ್ಳಲು ಯಾವ ಬ್ಯಾಂಕಿನ ಶಾಖೆಯೂ ಒಲ್ಲೆನೆನ್ನಬಾರದೆಂದು ರಿಸರ್ವ್ ಬ್ಯಾಂಕಿನ ಆಜ್ಞೆಯಿದೆ. ಮನೆಮನೆಯ ಹುಂಡಿಗಳಲ್ಲಿ, ದೇವರ ಗೂಡುಗಳಲ್ಲಿ, ಮೇಜಿನ ಸೆಳೆಖಾನೆಗಳಲ್ಲಿ ಮಲಗಿರುವ ನಾಣ್ಯಗಳು ತಿಂಗಳಿಗೊಮ್ಮೆ ಹೊರಬಂದು ತರಕಾರಿಯವಳ ಕೈ ಸೇರಿದರೆ ಸಾಕು, ಚಿಲ್ಲರೆಯ ಬರ ಅರ್ಧ ನೀಗುತ್ತದೆ. ಹನಿ ಹನಿ ಕೂಡಿದರೆ ಹಳ್ಳವೆಂಬ ಗಾದೆ ಕೂಡಿಡುವವರಿಗೆ ಹೇಳಿದುದಿರಬಹುದು. ಹಳ್ಳವು ಹರಿದರೆ ಮಾತ್ರ ಹೊಲ ಹಸಿರು.