ತುತ್ತು ನುಂಗಲು ಹೆದರುವ ಗಂಟಲು

"ಗಂಟಲದಾಗ ಏನೋ ಸಿಕ್ಕಂಗ ಆಗ್ತದ, ತುತ್ತು ಕೆಳಗ ಇಳಿವಲ್ದು." ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿ ಕಡೆಯ ಮನೆಗಳಲ್ಲಿ ಇಂಥ ಮಾತು ಬಂದರೆ ಯಾರೋ ಊಟದಲ್ಲಿ ಮದ್ದು ಹಾಕಿರಬೇಕೆಂಬ ಅನುಮಾನ ಬೇಗ ಹುಟ್ಟುತ್ತದೆ. ಮದ್ದು ತೆಗೆಯುವವರ ಬಳಿ ಹೋಗಿ ವಾಂತಿ ಮಾಡಿಸಿಕೊಂಡು ಬರುವವರೂ ಇದ್ದಾರೆ. ಹೊಟ್ಟೆಯ ಆಮ್ಲ ಮೇಲೆ ಬಂದು ಗಂಟಲು ಉರಿದು, ತೊಂದರೆ ಇನ್ನಷ್ಟು ಬಿಗಡಾಯಿಸುತ್ತದೆ. ಇತ್ತ ಆಸ್ಪತ್ರೆಗೆ ಹೋದವರು ಕೆಲವೊಮ್ಮೆ "ಏನೂ ಇಲ್ಲ, ಸುಮ್ಮನೆ ಹೆದರಿದ್ದೀರಿ" ಎಂಬ ಮಾತು ಕೇಳಿ ಹಿಂತಿರುಗುತ್ತಾರೆ. ಹೆದರಿಕೆಯೇ ಕಾಯಿಲೆಯಾಗಿದ್ದಾಗ "ಏನೂ ಇಲ್ಲ" ಎನ್ನುವುದು ಚಿಕಿತ್ಸೆಯಲ್ಲ.

ನುಂಗುವ ಈ ಭಯಕ್ಕೆ ವೈದ್ಯರು ಇಟ್ಟ ಹೆಸರು ಫ್ಯಾಗೋಫೋಬಿಯಾ. ಇದು ಹುಟ್ಟುವುದು ಬಹುಪಾಲು ಒಂದು ಕೆಟ್ಟ ಅನುಭವದಿಂದ: ಊಟ ಮಾಡುವಾಗ ನೆತ್ತಿಗೆ ಹತ್ತಿ ಉಸಿರು ಕಟ್ಟಿದ್ದು, ಗುಳಿಗೆ ಗಂಟಲಲ್ಲಿ ನಿಂತದ್ದು, ಬೇರೆಯವರಿಗೆ ಹಾಗಾದದ್ದನ್ನು ಕಣ್ಣಾರೆ ಕಂಡದ್ದು. ಅಲ್ಲಿಂದ ಮೊದಲು ಮಾಂಸ ಹೋಗುತ್ತದೆ, ಆಮೇಲೆ ರೊಟ್ಟಿ, ಕೊನೆಗೆ ಅನ್ನವೂ ಬೇಡವಾಗಿ ಚಹಾ, ಮಜ್ಜಿಗೆಯ ಮೇಲೆ ದಿನ ಸಾಗುತ್ತದೆ. ಮಕ್ಕಳಲ್ಲೂ ಇದು ಕಾಣಿಸಿಕೊಳ್ಳುತ್ತದೆ.

ನುಂಗುವ ಕ್ರಿಯೆಯಲ್ಲಿ ತುತ್ತನ್ನು ಜಗಿದು ನಾಲಗೆಯಿಂದ ಹಿಂದಕ್ಕೆ ತಳ್ಳುವುದಷ್ಟೇ ನಮ್ಮ ಕೈಯಲ್ಲಿದೆ. ಮುಂದಿನದನ್ನು ಮೆದುಳಿನ ಕಾಂಡ ತಾನೇ ನೋಡಿಕೊಳ್ಳುತ್ತದೆ. ಗಂಟಲ ಉಬ್ಬಿನ ಮೇಲೆ ಬೆರಳಿಟ್ಟು ಉಗುಳು ನುಂಗಿದರೆ ಅದು ಮೇಲೇರಿ ಇಳಿಯುವುದು ಗೊತ್ತಾಗುತ್ತದೆ. ಏರಿದ್ದು ಧ್ವನಿಪೆಟ್ಟಿಗೆ. ಆ ಕ್ಷಣದಲ್ಲಿ ಉಸಿರಿನ ದಾರಿ ಮುಚ್ಚಿ, ಉಸಿರು ನಿಂತು, ಸುಮಾರು ಒಂದು ಸೆಕೆಂಡಿನೊಳಗೆ ತುತ್ತು ಅನ್ನನಾಳ ಸೇರಿರುತ್ತದೆ. ಅಪ್ಪಿತಪ್ಪಿ ಅಗುಳೊಂದು ಅಡ್ಡದಾರಿ ಹಿಡಿದರೆ ಕೆಮ್ಮು ಅದನ್ನು ಹೊರಗೆ ಎಸೆಯುತ್ತದೆ. ಜೋರಾಗಿ ಕೆಮ್ಮಲು, ಮಾತಾಡಲು ಆಗುತ್ತಿದೆ ಎಂದರೆ ಉಸಿರಿನ ದಾರಿ ಪೂರ್ತಿ ಕಟ್ಟಿಲ್ಲ ಎಂದೇ ಅರ್ಥ. ಹೆದರಿದವರಿಗೆ ಇಷ್ಟನ್ನು ಬಿಡಿಸಿ ಹೇಳುವುದೇ ಚಿಕಿತ್ಸೆಯ ಮೊದಲ ಪಾಠ.

ಉಗುಳನ್ನು ಬಿಡುವಿಲ್ಲದೆ ನಾಲ್ಕೈದು ಬಾರಿ ನುಂಗಲು ಯಾರಾದರೂ ಪ್ರಯತ್ನಿಸಿ ನೋಡಲಿ. ಮೂರನೆಯದೋ ನಾಲ್ಕನೆಯದೋ ಬಹುತೇಕರಿಗೆ ಆಗುವುದೇ ಇಲ್ಲ, ಏಕೆಂದರೆ ಅಷ್ಟರಲ್ಲಿ ಬಾಯಲ್ಲಿ ಉಗುಳು ಉಳಿದಿರುವುದಿಲ್ಲ. ಭಯಗೊಂಡವರು ಮಾಡುವುದು ಇದನ್ನೇ. ಗಂಟಲು ಸರಿ ಇದೆಯೇ ಎಂದು ಮತ್ತೆ ಮತ್ತೆ ನುಂಗಿ ನೋಡುತ್ತಾರೆ. ಆತಂಕದಿಂದ ಬಾಯಿ ಮೊದಲೇ ಒಣಗಿರುತ್ತದೆ, ಕತ್ತು ಬಿಗಿದಿರುತ್ತದೆ. ನುಂಗಲಾಗದಾಗ ಭಯ ನಿಜವೆನಿಸುತ್ತದೆ, ಬಾಯಿ ಇನ್ನಷ್ಟು ಒಣಗುತ್ತದೆ.

ಹಾಗೆಂದು ಎಲ್ಲವನ್ನೂ ಮನಸ್ಸಿನ ಮೇಲೆ ಹಾಕಿದರೆ ಎಂಥ ತಪ್ಪಾಗುತ್ತದೆ ಎಂಬುದಕ್ಕೆ ವೈದ್ಯಶಾಸ್ತ್ರದಲ್ಲೇ ಉದಾಹರಣೆಯಿದೆ. ಅಮೆರಿಕದ ಮೇಯೋ ಕ್ಲಿನಿಕ್‌ನ ಪೋರ್ಟರ್ ವಿನ್ಸನ್ 1922ರಲ್ಲಿ ನುಂಗಲಾಗದ ರೋಗಿಗಳ ಬಗ್ಗೆ ಬರೆದಾಗ ಅದನ್ನು ಹಿಸ್ಟೀರಿಯಾ ಎಂದೇ ಕರೆದರು. ಇಂಥ ರೋಗಿಗಳಲ್ಲಿ ಹೆಚ್ಚಿನವರು ಹೆಂಗಸರು. ಆದರೆ ಅವರ ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಾಗಿತ್ತು, ಅನ್ನನಾಳದ ಮೇಲ್ತುದಿಯಲ್ಲಿ ತೆಳು ಪೊರೆ ಬೆಳೆದು ದಾರಿ ಕಿರಿದಾಗಿತ್ತು. ಇಂದು ಅದು ಪ್ಲಮ್ಮರ್-ವಿನ್ಸನ್ ಸಿಂಡ್ರೋಮ್. ಅಪರೂಪದ ಕಾಯಿಲೆ ನಿಜ, ಆದರೆ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇರುವ ರಾಜ್ಯ ನಮ್ಮದು. ಇಲ್ಲಿ ತುತ್ತು ಇಳಿಯುತ್ತಿಲ್ಲ ಎನ್ನುವ ಹೆಣ್ಣುಮಗಳ ಹಿಮೋಗ್ಲೋಬಿನ್ ನೋಡದೆ "ಮನಸ್ಸಿಗೆ ಹಚ್ಚಿಕೊಂಡಿದ್ದಾಳೆ" ಎನ್ನಲು ಯಾರಿಗೂ ಹಕ್ಕಿಲ್ಲ.

ಮೊದಲು ಗಟ್ಟಿ ಆಹಾರ, ಬರಬರುತ್ತಾ ನೀರೂ ಇಳಿಯದಿರುವುದು, ನುಂಗಿದರೆ ನೋವು, ದನಿ ಬದಲಾಗುವುದು, ನೀರು ಕುಡಿದಾಗಲೆಲ್ಲ ಕೆಮ್ಮು, ರಕ್ತವಾಂತಿ, ಕಾರಣವಿಲ್ಲದೆ ತೂಕ ಇಳಿಯುವುದು: ಇವುಗಳಲ್ಲಿ ಒಂದಿದ್ದರೂ ವೈದ್ಯರನ್ನು ಕಾಣಲು ತಡಮಾಡಬಾರದು. ತಂಬಾಕು, ಗುಟ್ಕಾ ಚಟವಿದ್ದವರಂತೂ ಎಂಡೋಸ್ಕೋಪಿಗೆ ಹಿಂಜರಿಯಬಾರದು. ಖಾಲಿ ಗಂಟಲಲ್ಲಿ ಗಂಟು ಇದ್ದಂತೆನಿಸಿ, ಊಟ ಮಾಡುವಾಗ ಅದು ಮಾಯವಾಗುವುದು ಬೇರೆಯೇ ಸ್ಥಿತಿ. ಅದನ್ನು ಗ್ಲೋಬಸ್ ಎನ್ನುತ್ತಾರೆ, ಅದು ಸಾಮಾನ್ಯವಾಗಿ ಅಪಾಯಕಾರಿಯಲ್ಲ.

ಗಂಟಲು ಸರಿಯಾಗಿದೆ ಎಂದು ಖಚಿತವಾದ ಮೇಲೆ ಭಯಕ್ಕೆ ಮದ್ದು ಊಟದ ತಟ್ಟೆಯಲ್ಲೇ ಇದೆ. ಹೆದರಿಸುವ ಆಹಾರಗಳನ್ನು ಸುಲಭದಿಂದ ಕಷ್ಟದತ್ತ ಜೋಡಿಸಿ, ಒಂದೊಂದಾಗಿ ಏರುವುದು ಇದರ ಕ್ರಮ. ರಾಯಚೂರು ಸೀಮೆಯ ಊಟವಾದರೆ ಅಂಬಲಿಯಿಂದ ಶುರುಮಾಡಬಹುದು. ಆಮೇಲೆ ಮಜ್ಜಿಗೆ ಕಲಸಿದ ನುಚ್ಚು, ಮೆತ್ತನೆಯ ಸಂಗಟಿ, ಬೇಳೆಸಾರಿನಲ್ಲಿ ನೆನೆಸಿದ ಬಿಸಿರೊಟ್ಟಿ. ಕಟಕ ರೊಟ್ಟಿ, ಶೇಂಗಾ ಹಿಂಡಿ ತೀರಾ ಕೊನೆಗೆ. ಒಂದು ಮೆಟ್ಟಿಲಲ್ಲಿ ಎದೆ ಡವಡವ ಎನ್ನುವುದು ತಗ್ಗುವ ತನಕ ಅಲ್ಲೇ ಇರಬೇಕು. ಮುಂದೆ ಹೋಗುವ ಅವಸರ ಬೇಡ, ಹಿಂದೆ ಸರಿಯುವುದೂ ಬೇಡ. ಪ್ರತಿ ತುತ್ತಿಗೂ ನೀರು ಕುಡಿಯುವ, ಹಿಟ್ಟಾಗುವ ತನಕ ಜಗಿಯುವ ರೂಢಿಗಳನ್ನೂ ಚಿಕಿತ್ಸಕರು ನಿಧಾನಕ್ಕೆ ಬಿಡಿಸುತ್ತಾರೆ, ಏಕೆಂದರೆ ಭಯವನ್ನು ಜೀವಂತವಾಗಿ ಇಡುವುದು ಇವೇ. ಆತಂಕ ತೀವ್ರವಾಗಿದ್ದರೆ ಜೊತೆಗೆ ಔಷಧಿಯೂ ಬೇಕಾಗುತ್ತದೆ.

ಗುಳಿಗೆಯ ಭಯ ಇದರ ತಂಗಿ. ಗರ್ಭಿಣಿಗೆ ಆರೋಗ್ಯ ಇಲಾಖೆ 180 ದಿನ ಕೊಡುವ ಕಬ್ಬಿಣದ ಗುಳಿಗೆ ಗಂಟಲಲ್ಲಿ ನಿಂತೀತೆಂದು ಡಬ್ಬಿಯಲ್ಲೇ ಉಳಿದರೆ ರಕ್ತ ಇನ್ನೂ ಇಳಿಯುತ್ತದೆ. ನಮ್ಮಲ್ಲಿ ತಲೆ ಹಿಂದಕ್ಕೆ ಚೆಲ್ಲಿ, ಲೋಟ ತುಟಿಗೆ ತಾಗದಂತೆ ಮೇಲಿನಿಂದ ನೀರು ಹೊಯ್ದುಕೊಳ್ಳುವುದು ರೂಢಿ. ಗುಳಿಗೆ ನುಂಗಲು ಅದು ಒಳ್ಳೆಯ ಭಂಗಿಯಲ್ಲ. ಜರ್ಮನಿಯ ಹೈಡಲ್‌ಬರ್ಗ್ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ವಿಧಾನಗಳನ್ನು ಪರೀಕ್ಷಿಸಿದ್ದರು. ತೇಲುವ ಕ್ಯಾಪ್ಸೂಲನ್ನು ನೀರಿನೊಂದಿಗೆ ಬಾಯಲ್ಲಿಟ್ಟು, ಗದ್ದವನ್ನು ಎದೆಯತ್ತ ಬಾಗಿಸಿ ನುಂಗಿದಾಗ 10ರಲ್ಲಿ ಸುಮಾರು 9 ಮಂದಿಗೆ ಸಲೀಸಾಯಿತು. ಮಾತ್ರೆಯನ್ನು ನಾಲಗೆಯ ಮೇಲಿಟ್ಟು, ಮೆತ್ತನೆಯ ಪ್ಲಾಸ್ಟಿಕ್ ಬಾಟಲಿಗೆ ತುಟಿ ಬಿಗಿಯಾಗಿ ಹಚ್ಚಿ ನೀರು ಹೀರಿದಾಗ 10ರಲ್ಲಿ 6 ಮಂದಿಗೆ ಸುಲಭವಾಯಿತು. ಆಶಾ ಕಾರ್ಯಕರ್ತೆಯರು ಈ ವಿಧಾನಗಳನ್ನು ಮನೆಬಾಗಿಲಲ್ಲೇ ಕಲಿಸಬಹುದು, ಕಲಿಸಬೇಕು.

ಇನ್ನು ಚಿಕಿತ್ಸೆ ಎಲ್ಲಿ ಸಿಗುತ್ತದೆ ಎಂಬ ಮಾತು. ಮಾನಸಿಕ ಚಿಕಿತ್ಸೆಯನ್ನು ಜಿಲ್ಲೆಗೆ ಒಯ್ಯುವ ಕೆಲಸ ಶುರುವಾದದ್ದು ನೆರೆಯ ಬಳ್ಳಾರಿಯಲ್ಲೇ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಅಲ್ಲಿ ಕಟ್ಟಿದ ಮಾದರಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬರುವ ಮನೋಚೈತನ್ಯ ಯೋಜನೆಯನ್ನು ರಾಜ್ಯ 2014ರಲ್ಲಿ ತಂದಿತು. ದೇವದುರ್ಗ, ಮಾನ್ವಿಯವರು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಆ ದಿನದ ಬಗ್ಗೆ ವಿಚಾರಿಸಬೇಕು. ಗಂಟಲಿನ ತಪಾಸಣೆಗೆ ರಾಯಚೂರಿನ ರಿಮ್ಸ್ ಆಸ್ಪತ್ರೆ ಇದೆ. ನುಂಗುವ ತೊಂದರೆಗೇ ತರಬೇತಿ ಪಡೆದ ವಾಕ್ ತಜ್ಞರು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಸಿಗುತ್ತಾರೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸಹಾಯವಾಣಿಯ 14416 ಸಂಖ್ಯೆಗೆ ಮನೆಯಿಂದಲೇ ಕರೆ ಮಾಡಿ ಕನ್ನಡದಲ್ಲಿ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಮನೆಯವರು ಮಾಡಬಹುದಾದದ್ದೂ ಇದೆ. "ತಿನ್ನು, ತಿನ್ನು" ಎಂದು ಎದುರು ಕೂತು ಪ್ರತಿ ತುತ್ತು ಎಣಿಸುವುದನ್ನು ಬಿಟ್ಟು, ತಾವೂ ತಟ್ಟೆ ಹಾಕಿಕೊಂಡು, ಬೆಳೆ, ಮಳೆ, ಮಕ್ಕಳ ಶಾಲೆಯ ಮಾತಾಡುತ್ತಾ ಜೊತೆಗೆ ಉಣ್ಣುವುದು. ಗಮನ ಗಂಟಲಿನಿಂದ ಮಾತಿನತ್ತ ಹೊರಳಿದಷ್ಟು ನುಂಗುವ ಕೆಲಸ ಮೆದುಳಿನ ಕಾಂಡಕ್ಕೆ ಹಗುರಾಗುತ್ತದೆ.