ಮನೆಯ ಮಂಜುಗಡ್ಡೆ ಯಂತ್ರ: ಬರುವ ನೀರು, ಹೋಗುವ ನೀರು

ಇಂದಿರಾನಗರ, ಹಲಸೂರುಗಳ ಮನೆಗಳಲ್ಲಿ ಇಂದು ಮಂಜುಗಡ್ಡೆ ಯಂತ್ರವೂ ಕಾಣಸಿಗುತ್ತದೆ. ಹೆಪ್ಪುಗಟ್ಟಿದ ಮಾತ್ರಕ್ಕೆ ನೀರಿನ ರೋಗಾಣುಗಳೆಲ್ಲ ಸಾಯುವುದಿಲ್ಲ. ಆದುದರಿಂದ ಮಕ್ಕಳ ಪಾನಕದ ಶುಚಿತ್ವವು ಅದರ ಎರಡು ಕೊಳವೆಗಳನ್ನು ಅವಲಂಬಿಸಿದೆ.

ಬರುವ ಕೊಳವೆಯನ್ನು ಕುಡಿಯುವ ನೀರಿನ ನಳಕ್ಕೇ ಜೋಡಿಸಿ, ನಡುವೆ ವಾಲ್ವ್ ಹಾಗೂ ಶೋಧಕವನ್ನಿಡಬೇಕು. ಕೆ.ಆರ್. ಪುರದ ಕಡೆ ಕೊಳವೆಬಾವಿಯ ಗಡಸುನೀರಾದರೆ ಗಡಸುತನ ನೀಗುವ ಸಾಧನವೂ ಅಗತ್ಯ. ಇಲ್ಲವಾದರೆ ಯಂತ್ರದೊಳಗೆ ಸುಣ್ಣದ ಪದರ ಕಟ್ಟುವುದು.

ಹೋಗುವ ಕೊಳವೆ ಇಳಿಜಾರಾಗಿರಲಿ. ಅದನ್ನು ಚರಂಡಿಯೊಳಗೆ ತೂರಿಸಿ ಬಿಗಿಯಲಾಗದು. ತುದಿಗೂ ಬಚ್ಚಲ ಬಾಯಿಗೂ ಕನಿಷ್ಠ 1 ಅಂಗುಲ ಅಂತರವಿರಬೇಕು. ಚರಂಡಿ ಕಟ್ಟಿದಾಗ ಕೊಳಕು ಹಿಂದಕ್ಕೇರದಂತೆ ತಡೆಯುವುದು ಈ ಬಯಲೇ.

ಕಾವೇರಿಯ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಏರಿ ಬಂದದ್ದು. ಯಂತ್ರದಿಂದ ಹೊರಬಿದ್ದುದನ್ನೂ ಬಕೆಟ್ಟಿನಲ್ಲಿ ಹಿಡಿದು ನೆಲ ತೊಳೆಯಲು ಬಳಸುವುದು ಗೃಹಸ್ಥರಿಗೆ ಒಪ್ಪುವ ನಡೆ.